ಅರುವ

ಕೂಡ್ಲೂರಿನ ಈ ಗೋಪುರಕ್ಕೆ ಕಲಶವಿಲ್ಲ.
ಸ್ಟೀಲಿನದು, ಮೂರಾಳೆತ್ತರ,
ಹೊಟ್ಟೆ ತುಂಬ ತುಕ್ಕುಬಣ್ಣದ ಗುಂಡುಗಳು,
ಕಾಳುಮೆಣಸಿಗಿಂತ ದಪ್ಪ, ಕಾಫಿ ಹಣ್ಣಿಗಿಂತ ಸಣ್ಣ.
ಚೀಲದ ಮೇಲೆ ವೇಗವರ್ಧಕ ಎಂದಿದೆ.
ನಾವು ಕಲ್ಲು ಎನ್ನುತ್ತೇವೆ.
ರಾತ್ರಿ ಪಾಳಿಯಲ್ಲಿ ಅದರ ಕಾವಲು ನನ್ನದು.

ಕಾಫಿ ಸಿಪ್ಪೆ ಕೊಳೆತ ನೀರು
ಟ್ಯಾಂಕಿನೊಳಗೆ ಗುಳುಗುಳು ತನ್ನಷ್ಟಕ್ಕೆ ಮಾತಾಡಿಕೊಂಡು
ಅನಿಲವಾಗಿ ಮೇಲೇಳುತ್ತದೆ.
ಬಹುಪಾಲು ಬಾಯ್ಲರಿಗೆ ಬೇಕಾದದ್ದು.
ಚಿಟಿಕೆಯಷ್ಟು ಯಾರಿಗೂ ಬೇಡದ್ದು:
ಕೊಳೆತ ಮೊಟ್ಟೆಯ ನೆಂಟ, ಗಂಧಕದ ಕೂಸು.

ಕಲ್ಲು ಬರುವ ಮುಂಚೆ
ಗಾಳಿ ಆ ಕಡೆ ಬೀಸಿದ ವಾರ
ದೇಚಮ್ಮ ಆಂಟಿಯ ಗೋಡೆಯಲ್ಲಿದ್ದ ಪೀಚೆಕತ್ತಿ
ಬೆಳ್ಳಿ ಒರೆ ಸಮೇತ ಕಪ್ಪಾಯಿತು.
ವಿಭೂತಿಯಲ್ಲಿ ತಿಕ್ಕಿದರು, ಹುಣಸೆಯಲ್ಲಿ ತಿಕ್ಕಿದರು,
ನಾಲ್ಕು ದಿನಕ್ಕೆ ಮತ್ತೆ ಅದೇ.
ಕತ್ತಿಯನ್ನು ತಂದು ಮ್ಯಾನೇಜರ ಮೇಜಿನ ಮೇಲಿಟ್ಟು
"ನಮ್ಮ ಗುರುಕಾರೋಣರೂ ಮೂಗು ಮುಚ್ಚಿಕೊಂಡಿದ್ದಾರೆ" ಎಂದರಂತೆ.
ಕಾಫಿ ಕೊಟ್ಟು ಕಳಿಸಿದರು.

ಆಮೇಲೆ ಚಾತ ಬಿದ್ದ.
ತೊಟ್ಟಿಯ ಕೆಸರು ಬಾಚಲು ಇಳಿದವನು
ಮೊದಲು "ಥೂ, ಏನು ನಾತ" ಎಂದ,
ಸ್ವಲ್ಪ ಹೊತ್ತಿಗೆ "ಈಗ ಇಲ್ಲ" ಎಂದ.
ನಾತ ಹೋಗಿರಲಿಲ್ಲ. ಹೋದದ್ದು ಮೂಗು.
ಈ ಅನಿಲದ ಕಪಟವೇ ಅದು:
ಕೊಂಚವಿದ್ದಾಗ ಊರಿಗೆಲ್ಲ ಸಾರುತ್ತದೆ,
ಕೊಲ್ಲುವಷ್ಟಿದ್ದಾಗ ಗುಟ್ಟಾಗುತ್ತದೆ.
ಹಗ್ಗ ಹಾಕಿ ಎಳೆದೆವು. ಜೀಪಿನಲ್ಲಿ ಮಡಿಕೇರಿಗೆ.
ಬದುಕಿದ.

ಮುಂದಿನ ತಿಂಗಳೇ ಲಾರಿಯಲ್ಲಿ ಕಲ್ಲು ಬಂತು.

ಡಿಪ್ಲೊಮಾದಲ್ಲಿ ನನಗೆ ಕಲಿಸಿದ್ದರು:
ವೇಗವರ್ಧಕ ಕೂಡಿಸುತ್ತದೆ, ಬಿಡಿಸುತ್ತದೆ,
ತಾನು ಮಾತ್ರ ಇದ್ದ ಹಾಗೇ ಇರುತ್ತದೆ.
ಕೊನೆಯ ಬೆಂಚಿನಲ್ಲಿ ಕೂತ ನನಗೆ ನೆನಪಾದದ್ದು ಪೆಮ್ಮಯ್ಯ ತಾತ,
ಎಷ್ಟೋ ಮದುವೆಗಳ ಅರುವ.
ಎರಡು ಒಕ್ಕಗಳ ನಡುವೆ ನಿಂತು
ಹನ್ನೊಂದು ಕಲ್ಲುಗಳನ್ನು ಗಂಡಿನವರ ಕೈಗೆ ಎಣಿಸಿ
ಒಂದನ್ನು ತವರಿನ ಪಾಲಿಗೆ ಉಳಿಸಿ
ಹುಡುಗಿಯ ಹಕ್ಕನ್ನು ಆಚೆ ಮನೆಗೆ ದಾಟಿಸಿ
ಪಂದಿಕರಿ ಉಂಡು
ಬಂದ ಕುಪ್ಯದಲ್ಲೇ ವಾಪಸು ನಡೆಯುತ್ತಿದ್ದ.
ಹೆಣ್ಣೂ ಅವನದಲ್ಲ, ಗಂಡೂ ಅವನದಲ್ಲ.

ಗೋಪುರದೊಳಗೂ ಸಂಬಂಧದ ಮಾತುಕತೆಯೇ.
ಗಂಧಕ ಬಂದು ಕಬ್ಬಿಣದ ಕೈ ಹಿಡಿಯುತ್ತದೆ,
ಕೆಂಪು ಕಲ್ಲು ಕಪ್ಪಾಗುತ್ತದೆ.
ಹಿಂದೆಯೇ ನಾನು ಒಂದೆಳೆ ಗಾಳಿ ಬಿಡುತ್ತೇನೆ,
ಆಮ್ಲಜನಕ ಕೈ ಬಿಡಿಸುತ್ತದೆ,
ಕಲ್ಲು ಮತ್ತೆ ನಮ್ಮ ತೋಟದ ದಾರಿಯ ಬಣ್ಣಕ್ಕೆ ಬರುತ್ತದೆ.
ನಡುವೆ ಉಳಿಯುವುದು ಒಂದಿಷ್ಟು ಹಳದಿ ಪುಡಿ, ಒಂದಿಷ್ಟು ನೀರು.

ಮೂರನೇ ವರ್ಷ ಗೋಪುರದ ಬಾಗಿಲು ತೆಗೆದೆವು.
ಪುಸ್ತಕ ಪೂರ್ತಿ ನಿಜ ಹೇಳಿರಲಿಲ್ಲ.
ಕಲ್ಲಿನ ಕಣ್ಣು ಮೂಗು ರಂಧ್ರಗಳಲ್ಲೆಲ್ಲ ಹಳದಿ ಕೂತು
ಒಂದಕ್ಕೊಂದು ಅಂಟಿ, ಹಾರೆಗೂ ಜಗ್ಗಲಿಲ್ಲ.
ಒಣಗಲು ಬಿಟ್ಟರೆ ತಾನಾಗೇ ಹೊತ್ತಿಕೊಳ್ಳುತ್ತದೆಂದು
ಪೈಪು ಹಿಡಿದು ಬೆಳಗಿನವರೆಗೆ ನೀರು ಹೊಯ್ದೆವು.
ಯಾರ್ಯಾರದೋ ಜಗಳ ಬಿಡಿಸಿ ಬಿಡಿಸಿ
ಒಳಗೆ ಇಷ್ಟೊಂದು ಬೆಂಕಿ.

ಪೆಮ್ಮಯ್ಯ ತಾತನೂ ತನ್ನ ಕೊನೆಯ ಮದುವೆಯಲ್ಲಿ
ಹತ್ತು ಎಣಿಸಿ ನಿಂತುಬಿಟ್ಟ.
ಮಂಟಪವೆಲ್ಲ ಸುಮ್ಮನಿತ್ತು. ವಾಲಗವೂ.
ಕೈಯಲ್ಲಿದ್ದ ಕಲ್ಲನ್ನು ಯಾರದೋ ಸಾಮಾನು ಎಂಬಂತೆ ನೋಡಿದ.
ಜನರ ನಡುವಿನಿಂದ ಒಂದು ಮಗು
"ಪನ್ನೊಂದ್" ಎಂದು ಕೂಗಿತು.

ಚಾತ ಈಗ ಗೇಟಿನಲ್ಲಿ ಕೂರುತ್ತಾನೆ.
ವಾಸನೆ ಮರಳಲಿಲ್ಲ. ಬೀಡಿಯದೂ ಇಲ್ಲ, ಮಳೆಯದೂ ಇಲ್ಲ.
ನಿನ್ನೆ ಪಾಳಿ ಮುಗಿಸಿ ಹೊರಟಾಗ ಕೇಳಿದ:
"ಅಕ್ಕಾ, ಜೇನಿನ ಸದ್ದು ಜೋರುಂಟು.
ಕಾಫಿ ಹೂ ಬಿಟ್ಟಿರಬೇಕು. ಮೂಸಿ ಹೇಳು."

ಬೇಲಿಯಾಚೆ ತೋಟವೆಲ್ಲ ಬೆಳ್ಳಗಿತ್ತು.
ಉಸಿರೆಳೆದೆ.
ಏನೂ ಬರಲಿಲ್ಲ.
ಮತ್ತೆ ಎಳೆದೆ. ಏನೂ ಇಲ್ಲ.
ಚೀಲ ಎಸೆದು ಮೀಟರಿನ ಕಡೆ ಓಡಿದೆ.

ಸೊನ್ನೆ.
ಎರಡನೇ ಮೀಟರು: ಸೊನ್ನೆ.
ನೆಗಡಿ, ಅಷ್ಟೆ. ಮೂರು ದಿನದಿಂದ ಇತ್ತು.

ತಿರುಗಿ ಬಂದಾಗ ಚಾತ ಎದ್ದು ನಿಂತಿದ್ದ,
ಮುಖ ಬೇಲಿಯ ಕಡೆ ಮಾಡಿ
ಇನ್ನೂ ಕಾಯುತ್ತ.